ಪರೀಕ್ಷೆಯ ಮುಂಜಾವಿನ ನಿದ್ರೆ

ಹತ್ತನೆಯ ತರಗತಿಯ ಗಣಿತ ಪರೀಕ್ಷೆಯಂದು ಕೊಠಡಿ ಮೇಲ್ವಿಚಾರಕನಾಗಿದ್ದ ನಾನು, ಕಿಟಕಿಯ ಪಕ್ಕದ ಬೆಂಚಿನ ಹುಡುಗನೊಬ್ಬನ ಉತ್ತರಪತ್ರಿಕೆಗೆ ಸಹಿ ಹಾಕಲು ಬಾಗಿದಾಗ ಕಂಡುದನ್ನು ಇಂದಿಗೂ ಮರೆಯಲಾರೆ. ವರ್ಗಸಮೀಕರಣವೊಂದನ್ನು ಮೂರು ಹಂತಗಳವರೆಗೆ ದುಂಡಾದ ಅಕ್ಷರಗಳಲ್ಲಿ ಬಿಡಿಸಿದ್ದ ಅವನು, ನಾಲ್ಕನೆಯ ಹಂತದಲ್ಲಿ ಏಳೆಂಟ್ಲ ಐವತ್ತನಾಲ್ಕು ಮಾಡಿದ್ದ. ಮುಂದಿನ ಸಾಲಿನಲ್ಲಿ ಅಂಕಿಯೇ ಇರಲಿಲ್ಲ, ಪೆನ್ನಿನ ಮೊನೆ ಜಾರಿ ಹಾಳೆಯ ಅಂಚಿನವರೆಗೆ ಇಳಿದುಹೋಗಿದ್ದ ಒಂದು ನೀಲಿ ಗೆರೆ ಮಾತ್ರವಿತ್ತು. ಭುಜ ಮುಟ್ಟಿದೊಡನೆ ಬೆಚ್ಚಿ ಕಣ್ಣು ತೆರೆದ. ಪರೀಕ್ಷೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಅವನನ್ನು ಕರೆದು, "ರಾತ್ರಿ ಮಲಗಲಿಲ್ಲವೇನಪ್ಪ?" ಎಂದೆ. "ಇಲ್ಲ ಸರ್. ನಾಲ್ಕು ಗಂಟೆಗೆ ಓದಿ ಮುಗೀತು. ಆಮೇಲೆ ಮಲಗಿದ್ರೆ ಏಳ್ತೀನೋ ಇಲ್ವೋ ಅಂತ ಭಯ ಆಯ್ತು, ಕೂತೇ ಇದ್ದೆ" ಎಂದ.

ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಡಿರೆಂದು ಉಪದೇಶಿಸುವುದು ಸುಲಭ. ಮೂವತ್ತು ವರ್ಷಗಳ ಕಾಲ ನಾನೂ ಅದನ್ನೇ ಮಾಡಿದ್ದೇನೆ. ಆದರೆ ಉಪದೇಶವನ್ನು ಮೀರಿಯೋ, ಅನಿವಾರ್ಯದಿಂದಲೋ ಈಗಾಗಲೇ ರಾತ್ರಿಯನ್ನು ಕಳೆದುಬಿಟ್ಟು, ಮುಂಜಾವದ ನಾಲ್ಕು ಗಂಟೆಗೆ ಪುಸ್ತಕ ಮುಚ್ಚಿ ಕುಳಿತಿರುವ ಮಗುವಿಗೆ ಆ ಮಾತಿನಿಂದ ಏನು ಪ್ರಯೋಜನ? ಅದರ ಮುಂದಿರುವುದು ಒಂದೇ ಪ್ರಶ್ನೆ: ಈಗ ಮಲಗಬೇಕೆ, ಬೇಡವೆ? ಮಲಗಬೇಕು, ನಿಸ್ಸಂದೇಹವಾಗಿ ಮಲಗಬೇಕು ಎಂಬುದು ನನ್ನ ಉತ್ತರ.

ನಿದ್ರೆಯು ವಿದ್ಯೆಗೆ ವೈರಿಯೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ನೆಲೆಯೂರಿದೆ. ವಿದ್ಯಾರ್ಥಿಯ ಐದು ಲಕ್ಷಣಗಳನ್ನು ಹೇಳುವ ಸುಭಾಷಿತವನ್ನು ಮನೆಯ ಹಿರಿಯರು ಪರೀಕ್ಷಾಕಾಲದಲ್ಲಿ ತಪ್ಪದೆ ನೆನಪಿಸುವರು. ಆದರೆ ಆ ಸುಭಾಷಿತಕಾರನು ಬಯಸಿದ್ದು ಶ್ವಾನನಿದ್ರೆಯನ್ನೇ ಹೊರತು ನಿದ್ರಾತ್ಯಾಗವನ್ನಲ್ಲ, ಮತ್ತು ಇರುಳೆಲ್ಲ ಮನೆ ಕಾದ ನಾಯಿಯು ಬಿಸಿಲೇರುವ ಹೊತ್ತಿಗೆ ಜಗಲಿಯ ಕೆಳಗೆ ಸುರುಳಿಯಾಗಿ ಮಲಗುವುದನ್ನು ಕಾಣದವರು ಯಾರೂ ಇಲ್ಲ. ನಮ್ಮ ವೈದ್ಯಶಾಸ್ತ್ರಕಾರರಿಗೆ ಈ ವಿಷಯದಲ್ಲಿ ಸಂಶಯವಿರಲಿಲ್ಲ. ಚರಕಸಂಹಿತೆಯು ಆಹಾರ ಮತ್ತು ಬ್ರಹ್ಮಚರ್ಯಗಳೊಡನೆ ನಿದ್ರೆಯನ್ನೂ ಶರೀರದ ಮೂರು ಉಪಸ್ತಂಭಗಳಲ್ಲಿ ಒಂದೆಂದು ಎಣಿಸಿದೆ. ವಾಗ್ಭಟನಂತೂ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ, ಅಭ್ಯಾಸವಿಲ್ಲದ ಜಾಗರಣೆ ಮಾಡಿದವನು ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಬೆಳಿಗ್ಗೆ ಏನನ್ನೂ ಉಣ್ಣದೆ ನಿದ್ರಿಸಬೇಕೆಂದು ಸ್ಪಷ್ಟವಾಗಿ ವಿಧಿಸಿದ್ದಾನೆ. ಆ ಹುಡುಗ ಬೇವಿನ ಮರದ ಕೆಳಗೆ ನಿಂತು ಕೇಳಬಹುದಾಗಿದ್ದ ಪ್ರಶ್ನೆಗೆ ನೂರಾರು ವರ್ಷಗಳ ಹಿಂದೆಯೇ ಉತ್ತರ ದೊರೆತಿತ್ತು.

1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಮನೋವಿಜ್ಞಾನಿಗಳು ಇಬ್ಬರು ವಿದ್ಯಾರ್ಥಿಗಳಿಂದ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ, ಒಮ್ಮೆ ಮಲಗಿಸಿ, ಒಮ್ಮೆ ಎಚ್ಚರವಾಗಿರಿಸಿ ಪರೀಕ್ಷಿಸಲಾಗಿ, ಮಲಗಿ ಎದ್ದಾಗಲೇ ಹೆಚ್ಚು ನೆನಪುಳಿದಿತ್ತು. ಓದಿದುದನ್ನು ಸದ್ಯಕ್ಕೆ ಹಿಡಿದಿಟ್ಟುಕೊಳ್ಳುವ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗವು ಗಾಢನಿದ್ರೆಯಲ್ಲಿ ಅದನ್ನು ಮತ್ತೆ ಮತ್ತೆ ಮೆಲುಕು ಹಾಕಿ ಮಿದುಳಿನ ಹೊರಪದರಕ್ಕೆ ಒಪ್ಪಿಸುವುದೆಂದು ಅನಂತರದ ಸಂಶೋಧನೆಗಳು ತಿಳಿಸಿವೆ. ಹಾಗಾದರೆ ಮಲಗದೆ ಪರೀಕ್ಷೆಗೆ ಹೊರಟವನು, ಇರುಳೆಲ್ಲ ಕೊಯ್ದ ತೆನೆಯನ್ನು ಕಣದಲ್ಲಿಯೇ ಬಿಟ್ಟು ಬರಿಗೈಯಲ್ಲಿ ಸಂತೆಗೆ ಹೋದವನಂತೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಳವಳಗೊಳಿಸಿದ ವಿಷಯ ಇನ್ನೊಂದಿದೆ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, 17 ಗಂಟೆಗಳ ಕಾಲ ಎಚ್ಚರವಿದ್ದವರ ಕಣ್ಣು ಕೈಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವರ ಮಟ್ಟಕ್ಕೆ ಕುಸಿದಿತ್ತು. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯು 30 ಮಿಲಿಗ್ರಾಂ ದಾಟಿದವನಿಗೇ ವಾಹನ ನಡೆಸಲು ಬಿಡುವುದಿಲ್ಲ. ಹಿಂದಿನ ದಿನ ಆರಕ್ಕೆ ಎದ್ದು ಮಲಗದೆಯೇ ಹತ್ತು ಗಂಟೆಗೆ ಪ್ರಶ್ನೆಪತ್ರಿಕೆ ಹಿಡಿದ ಹುಡುಗನು 28 ಗಂಟೆಗಳಿಂದ ಎಚ್ಚರವಿದ್ದಾನೆ. ಪಿಯುಸಿಯ ಮಕ್ಕಳಲ್ಲಿ ಎಷ್ಟೋ ಜನ ಅದೇ ಸ್ಥಿತಿಯಲ್ಲಿ ಸ್ಕೂಟರ್ ಏರಿ ಪರೀಕ್ಷಾಕೇಂದ್ರಕ್ಕೆ ಬರುತ್ತಾರೆ. ಅಂತಹ ಬೆಳಿಗ್ಗೆ ಕೀಲಿಕೈಯನ್ನು ಅವರ ಕೈಗೆ ಕೊಡಬೇಡಿರೆಂದು ತಂದೆತಾಯಿಯರನ್ನು ಬೇಡಿಕೊಳ್ಳುತ್ತೇನೆ. ಕಾಫಿಯ ಮೇಲೆ ಭಾರ ಹಾಕುವುದೂ ಸಲ್ಲದು: ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಸಂಚಯವಾಗುವ ಅಡಿನೋಸಿನ್ ಎಂಬ ದ್ರವ್ಯವೇ ನಿದ್ರೆಯನ್ನು ಕರೆಯುವುದು; ಕಾಫಿಯು ಆ ಕರೆ ಕೇಳಿಸದಂತೆ ಮಾಡಬಲ್ಲುದು, ದ್ರವ್ಯವನ್ನು ಕರಗಿಸಲಾರದು.

ನಿದ್ರೆಯ ಒಂದು ಸುತ್ತು ಸುಮಾರು 90 ನಿಮಿಷಗಳದು. ನಾಲ್ಕಕ್ಕೆ ಮಲಗಿ ಏಳಕ್ಕೆ ಎದ್ದರೆ ಎರಡು ಸುತ್ತು ಮುಗಿದಿರುತ್ತದೆ, ಐದೂವರೆಗೆ ಮಲಗಿದರೂ ಒಂದು ಸುತ್ತಿಗೆ ಅವಕಾಶವುಂಟು. ಎದ್ದೊಡನೆ ತಲೆ ಭಾರವಾಗಿ, ಓದಿದುದೆಲ್ಲ ಹಾರಿಹೋಯಿತೆಂದು ಮಗು ಗಾಬರಿಗೊಳ್ಳುವುದು ಸಹಜ. ಆ ಮಂಪರು ಅರ್ಧ ಗಂಟೆಯಲ್ಲಿ ಇಳಿಯುತ್ತದೆ; ತಣ್ಣೀರಿನಲ್ಲಿ ಮುಖ ತೊಳೆದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು.

ಆದರೆ ಇವೆಲ್ಲವನ್ನೂ ಮಕ್ಕಳಿಗೆ ಹೇಳಿ ಸುಮ್ಮನಾದರೆ ಆ ಹುಡುಗನಿಗೆ ನ್ಯಾಯ ಸಲ್ಲಿಸಿದಂತಾಗಲಿಲ್ಲ. ನಿದ್ರೆ ನಿರರ್ಥಕವೆಂದು ನಂಬಿ ಅವನು ಎಚ್ಚರವಿದ್ದುದಲ್ಲ. ಏಳಲಾರದೆ ಪರೀಕ್ಷೆ ತಪ್ಪೀತೆಂಬ ಒಂದೇ ಭಯ ಅವನನ್ನು ಗೋಡೆಗೆ ಒರಗಿಸಿ ಕೂರಿಸಿತ್ತು. ಎರಡು ಅಲಾರಂ ಇಟ್ಟರೂ ಹೋಗದ ಆ ಭಯ, "ಮಲಗು, ಏಳು ಗಂಟೆಗೆ ನಾನು ಎಬ್ಬಿಸ್ತೀನಿ" ಎಂದು ಮನೆಯವರೊಬ್ಬರು ಹೇಳಿದ ಕ್ಷಣವೇ ಕರಗುವುದನ್ನು ನಾನು ಬಲ್ಲೆ. ವಿದ್ಯಾರ್ಥಿನಿಲಯಗಳಲ್ಲಿ ಪರೀಕ್ಷೆಯ ದಿನಗಳಂದಾದರೂ ಯಾರನ್ನು ಎಷ್ಟು ಗಂಟೆಗೆ ಎಬ್ಬಿಸಬೇಕೆಂದು ಬರೆದುಕೊಂಡು, ಬಾಗಿಲು ತಟ್ಟಿ, ಎದ್ದು ಕುಳಿತುದನ್ನು ಕಣ್ಣಾರೆ ಕಂಡು ಬರುವ ಹೊಣೆಯನ್ನು ನಿಲಯಪಾಲಕರೇ ಹೊರಬೇಕು. ಇದಕ್ಕೆ ಹಣವೂ ಬೇಕಾಗಿಲ್ಲ, ಆದೇಶವೂ ಬೇಕಾಗಿಲ್ಲ.

ಆ ಹುಡುಗನ ತಾಯಿ ಐದು ಗಂಟೆಗೇ ಎದ್ದಿದ್ದರಂತೆ. ಹಾಲು ಕರೆಯಲು ಕೊಟ್ಟಿಗೆಗೆ ಹೋಗುವಾಗ ಮಗನ ಕೋಣೆಯಲ್ಲಿ ದೀಪ ಉರಿಯುತ್ತಿರುವುದನ್ನು ಕಂಡು, ಇನ್ನೂ ಓದುತ್ತಿದ್ದಾನೆಂದು ಸಂತೋಷಪಟ್ಟು, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದು ಹೋದರಂತೆ.