ಅಜ್ಜಿಯ ವಜ್ರವನ್ನು ಮತ್ತೆ ಸಾಣೆಗೆ ಕೊಡಬೇಡಿ | ಒಡವೆ ಮಾತು – 7

"ಇದು ಹಳೇ ಕಟಿಂಗು ಮೇಡಂ, ಹೊಳಪಿಲ್ಲ. ರೀಕಟ್ ಮಾಡಿಸಿಬಿಡಿ. ಇಲ್ಲಾಂದ್ರೆ ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಳ್ಳಿ."

ನಿಶ್ಚಿತಾರ್ಥದ ಉಂಗುರ ಮಾಡಿಸೋಕೆ ಅಜ್ಜಿಯ ಬೆಂಡೋಲೆ ಹಿಡ್ಕೊಂಡು ಹೋದಾಗ ಅಂಗಡಿಯಲ್ಲಿ ಸಿಕ್ಕ ಮೊದಲ ಸಲಹೆ ಇದು. ನಿಮಗೂ ಸಿಗುತ್ತೆ. ದಯವಿಟ್ಟು ಒಪ್ಪಬೇಡಿ.

ನಮ್ಮದು ಒಂಟಿ ಓಲೆ, ಏಳು ಕಲ್ಲಿನದು. ಜೊತೆಯದನ್ನು ಚಿಕ್ಕಪ್ಪನ ಕಾಲೇಜು ಫೀಸಿಗೆ ಅಂತ ಅಜ್ಜಿ ಮಾರಿದ್ದರು. ಉಳಿದದ್ದು ಹಾಕೋಕೂ ಆಗದೆ, ಮಾರೋಕೂ ಮನಸ್ಸಾಗದೆ ಬೀರುವಿನಲ್ಲೇ ಇತ್ತು. ಅದರ ನಡುವಿನ ಕಲ್ಲೇ ನನ್ನ ಉಂಗುರಕ್ಕೆ ಅಂತ ಅಮ್ಮ ಹೇಳಿದ್ದು.

ಮೊದಲು ಹೊಳಪಿನ ವಿಷಯ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತೆ. ಹಳೇ ಓಲೆಗಳಲ್ಲಿ ಕಲ್ಲಿನ ಹಿಂಭಾಗ ಮುಚ್ಚಿರುತ್ತೆ. ವರ್ಷಗಟ್ಟಲೆ ತಲೆಗೆ ಹಾಕಿದ ಎಣ್ಣೆ, ಸೀಗೆಪುಡಿ ಎಲ್ಲ ಒಳಗೇ ಕೂತಿತ್ತು. ಕಲ್ಲು ಬಿಚ್ಚಿ ತೊಳೆಸಿದ ಮೇಲೆ ಎರಡನೇ ಫೋಟೋ ನೋಡಿ. ಸಾಣೆ ಹಿಡಿದಿಲ್ಲ, ತೊಳೆದದ್ದು ಅಷ್ಟೇ!

ಇನ್ನು ಕಟಿಂಗ್. ಇದನ್ನು 'ಓಲ್ಡ್ ಮೈನ್ ಕಟ್' ಅಂತಾರೆ. ಪೂರ್ತಿ ದುಂಡಗಿಲ್ಲ, ದಿಂಬಿನ ಹಾಗೆ ಮೂಲೆ ಮೊಂಡಾದ ಆಕಾರ. ಮೇಲ್ಭಾಗ ಎತ್ತರ, ನೆತ್ತಿಯ ಪಟ್ಟೆ ಚಿಕ್ಕದು, ತಳದ ತುದಿ ಚಪ್ಪಟೆ. ದೀಪದ ಬೆಳಕಿನ ಕಾಲದಲ್ಲಿ ಕೈಯಿಂದ ಕಡೆದದ್ದು. ಸಣ್ಣ ಸಣ್ಣ ಮಿನುಗಿನ ಬದಲು ದೊಡ್ಡ ದೊಡ್ಡ ಬಣ್ಣದ ಕಿಡಿ ಕೊಡುತ್ತೆ. ಇವತ್ತಿನ ರೌಂಡ್ ಬ್ರಿಲಿಯಂಟ್‌ನ ಲೆಕ್ಕಾಚಾರವನ್ನು ಮಾರ್ಸೆಲ್ ಟಾಲ್ಕೋವ್‌ಸ್ಕಿ ಪ್ರಕಟಿಸಿದ್ದು 1919ರಲ್ಲಿ. ಆ ಅಳತೆಗೋಲಲ್ಲಿ ಅದಕ್ಕೂ ಹಿಂದಿನ ಕಲ್ಲನ್ನು ಅಳೆದು 'ಫೇಲ್' ಅನ್ನೋದು ಯಾವ ನ್ಯಾಯ?

ರೀಕಟ್ ಅಂದ್ರೆ ಕಲ್ಲು ಕಳ್ಕೊಳ್ಳೋದು ಅಂತಾನೇ ಅರ್ಥ. ಕೊಹಿನೂರ್ ಕಥೆ ಗೊತ್ತಲ್ವಾ? ಲಂಡನ್ನಿನ ಜನಕ್ಕೆ ಅದರ ಹೊಳಪು ಸಾಲದಾಯ್ತು ಅಂತ 1852ರಲ್ಲಿ ಮತ್ತೆ ಕಡೆಸಿದರು. ಸುಮಾರು 186 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ರಾಣಿಯ ವಜ್ರಕ್ಕೇ ಈ ಗತಿ ಅಂದ್ರೆ, ನಮ್ಮ ಮನೆಯ 30 ಸೆಂಟಿನ ಕಲ್ಲಲ್ಲಿ ಏನು ಉಳಿದೀತು?

ಹಾಗಾದ್ರೆ ಮಾಡಿಸೋದು ಹೇಗೆ? ಕಲ್ಲಿಗೆ ತಕ್ಕ ಹಾಗೆ ಉಂಗುರ ಬದಲಾಗಲಿ.

✦ ಕಲ್ಲು ಬಿಚ್ಚಿದ ತಕ್ಷಣ ನಿಮ್ಮೆದುರೇ ತೂಕ, ಅಳತೆ, ಫೋಟೋ ಆಗಲಿ.
✦ ರೆಡಿ ಮೌಂಟ್ ಬೇಡ. ಅವು ಪೂರ್ತಿ ದುಂಡು ಕಲ್ಲಿಗೆ ಮಾಡಿದವು. ಮೇಣದ ಅಚ್ಚಿನಲ್ಲಿ ಕಲ್ಲು ಕೂರಿಸಿ ನೋಡಿ ಆಮೇಲೆ ಒಪ್ಪಿ.
✦ ಹಳೇ ಕಲ್ಲಿನ ಅಂಚು ತೆಳುವಾಗಿದ್ದರೆ ಚಕ್ಕೆ ಏಳಬಹುದು. ನಾಲ್ಕು ಪ್ರಾಂಗ್‌ಗಿಂತ ಸುತ್ತಲೂ ಚಿನ್ನದ ಅಂಚು ಬರುವ ಬೆಜೆಲ್ ಕಟ್ಟು ವಾಸಿ.
✦ ಹಿಂಭಾಗ ತೆರೆದಿರಲಿ. ತೊಳೆಯೋಕೆ ಸುಲಭ.
✦ ದಿನಾ ಹಾಕುವುದಾದ್ರೆ 18 ಕ್ಯಾರೆಟ್ ಚಿನ್ನ. 22 ಮೆದು, ಕಲ್ಲಿನ ಹಿಡಿತ ಬೇಗ ಸಡಿಲವಾಗುತ್ತೆ.

ಒಂದು ಮಾತು ಒಪ್ಪಿಕೊಳ್ತೀನಿ. ಕಲ್ಲು ಒಡೆದು ಬಿರುಕು ಬಿಟ್ಟಿದ್ದರೆ ಅಷ್ಟು ಜಾಗ ಸರಿ ಮಾಡಿಸಲೇಬೇಕಾಗಬಹುದು. ಅದು ರಿಪೇರಿ. 'ಫ್ಯಾಷನ್ ಹೋಯ್ತು' ಅಂತ ಕಡೆಸೋದು ರಿಪೇರಿ ಅಲ್ಲ.

ಉಳಿದ ಆರು ಕಲ್ಲು ಅಮ್ಮನ ಹತ್ರಾನೇ ಇವೆ. ಮುಂದಿನದು ಚಿಕ್ಕಪ್ಪನ ಮಗಳಿಗೆ. ಉಂಗುರ ನೋಡಿ ಚಿಕ್ಕಪ್ಪ ಏನೂ ಹೇಳಲಿಲ್ಲ, ನನ್ನ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿದ್ರು. ಹೊಸ ಕಲ್ಲಾಗಿದ್ರೆ ಅವರು ಯಾಕೆ ಹಿಡ್ಕೊಳ್ತಿದ್ರು ಹೇಳಿ?

ನಿಮ್ಮ ಮನೆ ಬೀರುವಿನಲ್ಲೂ ಒಂಟಿ ಓಲೆ, ಹಳೇ ಮೂಗುತಿ ಇದೆಯಾ? ಅದರ ಕಥೆ ಕಾಮೆಂಟಲ್ಲಿ ಬರೀರಿ. ಮದುವೆ ಗೊತ್ತಾಗಿರೋ ಗೆಳತಿಗೆ ಇದನ್ನು ಕಳಿಸಿ.

#ಒಡವೆಮಾತು #ಬೆಂಡೋಲೆ #ಅಜ್ಜಿಯಒಡವೆ #ನಿಶ್ಚಿತಾರ್ಥ