‘ದುಪ್ಪಟ್ಟು ಅಪಾಯ’ ಎಂದರೆ ಎಷ್ಟು ಅಪಾಯ?

ವಾರಕ್ಕೊಮ್ಮೆ ಬರುವ ಆರೋಗ್ಯದ ಪುಟವನ್ನು ಮನೆಮಂದಿಯೆಲ್ಲ ಓದುವುದು ಒಳ್ಳೆಯ ಅಭ್ಯಾಸ. ಆದರೆ ಓದಿದ ಮರುದಿನವೇ ನುಂಗುತ್ತಿದ್ದ ಮಾತ್ರೆ ಬಿಡುವವರೂ, ಹೊಸದೊಂದನ್ನು ಕೊಳ್ಳಲು ಔಷಧಿ ಅಂಗಡಿಗೆ ಓಡುವವರೂ ಇದ್ದಾರೆ. ‘ಅಪಾಯ ದುಪ್ಪಟ್ಟು’, ‘ಕಾಯಿಲೆ ಅರ್ಧದಷ್ಟು ಇಳಿಕೆ’ ಎಂಬ ತಲೆಬರಹ ಕಂಡಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಜನರಲ್ಲಿ ಎಷ್ಟು ಮಂದಿಗೆ?

ಈ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಯಿದೆ. ಕೆಲವು ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆಂದು 1995ರ ಅಕ್ಟೋಬರ್‌ನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಸಿತು. ಸುದ್ದಿ ಸುಳ್ಳಾಗಿರಲಿಲ್ಲ. ಹಳೆಯ ಬಗೆಯ ಗುಳಿಗೆ ನುಂಗುವ ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಈ ತೊಂದರೆ ಬರುತ್ತಿತ್ತು. ಹೊಸ ಗುಳಿಗೆಯಲ್ಲಿ ಇಬ್ಬರಿಗೆ. ಅಂದರೆ ಹೆಚ್ಚಿದ್ದು 7,000ಕ್ಕೆ ಒಬ್ಬರು. ಆದರೆ ಜನರಿಗೆ ತಲುಪಿದ್ದು ‘ದುಪ್ಪಟ್ಟು’ ಎಂಬ ಮಾತು. ಹೆದರಿದ ಅನೇಕರು ಗುಳಿಗೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜು. ವಿಪರ್ಯಾಸವೆಂದರೆ, ಗುಳಿಗೆಗಿಂತ ಗರ್ಭಧಾರಣೆಯಲ್ಲೇ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು.

ಹೆದರಿಸುವ ಸುದ್ದಿಯಂತೆ ಆಸೆ ಹುಟ್ಟಿಸುವ ಸುದ್ದಿಗೂ ಇದೇ ಲೆಕ್ಕ ಹಾಕಿ. ಒಂದು ಮಾತ್ರೆಯಿಂದ ಹೃದಯಾಘಾತ ಅರ್ಧದಷ್ಟು ಕಡಿಮೆಯಾಗುತ್ತದೆ ಎಂದುಕೊಳ್ಳೋಣ. ಮಾತ್ರೆಯಿಲ್ಲದೆ ಐದು ವರ್ಷಗಳಲ್ಲಿ 100 ಜನರಲ್ಲಿ ಇಬ್ಬರಿಗೆ ಹೃದಯಾಘಾತವಾಗುವುದಿದ್ದರೆ, ಮಾತ್ರೆ ನುಂಗಿದಾಗ ಒಬ್ಬರಿಗೆ ಆಗುತ್ತದೆ. ದಿನಕ್ಕೆ 10 ರೂಪಾಯಿಯಂತೆ ಒಬ್ಬೊಬ್ಬರ ಖರ್ಚು 18,250 ರೂಪಾಯಿ. ಒಬ್ಬರಿಗೆ ಲಾಭವಾಗಲು ನೂರೂ ಜನ ಹಣ ತೆರಬೇಕು.

ಹಾಗೆಂದು ಮಾತ್ರೆ ದಂಡ ಎನ್ನಬೇಡಿ. ಈಗಾಗಲೇ ಒಮ್ಮೆ ಹೃದಯಾಘಾತವಾದವರಲ್ಲಿ ಅಪಾಯ ಹೆಚ್ಚು. ಅಂಥವರಲ್ಲಿ 100ಕ್ಕೆ 20 ಇದ್ದದ್ದು 10ಕ್ಕೆ ಇಳಿದರೆ, ಅದೂ ‘ಅರ್ಧ’ವೇ, ಆದರೆ ಉಳಿಯುವವರು ಹತ್ತು ಮಂದಿ! ಅದೇ ಮಾತ್ರೆ ಒಬ್ಬರಿಗೆ ಅನಿವಾರ್ಯ, ಇನ್ನೊಬ್ಬರಿಗೆ ಯೋಚಿಸಬೇಕಾದ ವಿಷಯ. ನೆರೆಮನೆಯವರು ನುಂಗುತ್ತಾರೆಂಬುದು ನಿಮಗೆ ಕಾರಣವಾಗಬಾರದು.

ಆದ್ದರಿಂದ ಪತ್ರಿಕೆಯ ತುಣುಕನ್ನು ಕತ್ತರಿಸಿಟ್ಟುಕೊಂಡು ನಿಮ್ಮ ವೈದ್ಯರ ಬಳಿ ಹೋಗಿ. ನನ್ನ ವಯಸ್ಸಿನ, ನನ್ನಂಥ ನೂರು ಜನರಲ್ಲಿ ಈ ಔಷಧಿಯಿಲ್ಲದೆ ಎಷ್ಟು ಮಂದಿಗೆ ಕಾಯಿಲೆ ಬರುತ್ತದೆ? ನುಂಗಿದರೆ ಎಷ್ಟು ಮಂದಿಗೆ? ತೊಂದರೆಗಳೇನು? ಇದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ? ಕೇಳಲು ಸಂಕೋಚ ಬೇಡ. ದೇಹವೂ ನಿಮ್ಮದು, ದುಡ್ಡೂ ನಿಮ್ಮದು.

ಅಲ್ಲಿಯವರೆಗೆ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಅದಕ್ಕೆ ಯಾವ ತಲೆಬರಹವೂ, ಈ ಅಂಕಣವೂ ಸೇರಿದಂತೆ, ಸಾಕಷ್ಟು ಕಾರಣವಲ್ಲ.