ಐವತ್ತೆರಡರಲ್ಲಿ ಹದಿನೇಳು ಕಳೆದರೆ

ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕ ಎಷ್ಟರಮಟ್ಟಿಗಿದೆ ಎಂದು ನೋಡುವ ‘ಅಸರ್’ ಸಮೀಕ್ಷೆಯ 2024ರ ವರದಿ ಪ್ರಕಾರ, ಗ್ರಾಮೀಣ ಭಾರತದ ಮೂರನೇ ತರಗತಿ ಮಕ್ಕಳಲ್ಲಿ ಕಳೆಯುವ ಲೆಕ್ಕ ಬರುವುದು ಶೇ 33.7ರಷ್ಟು ಮಂದಿಗೆ. 2022ರಲ್ಲಿ ಈ ಪ್ರಮಾಣ ಶೇ 25.9 ಇತ್ತು. ಏರಿಕೆ ಸಮಾಧಾನ ತರುವಂಥದ್ದೇ. ಆದರೂ ಮೂವರಲ್ಲಿ ಇಬ್ಬರು ಇನ್ನೂ ಹೊರಗಿದ್ದಾರೆ. ಅಲ್ಲಿ ಕೇಳುವುದೇನೂ ಕಠಿಣ ಲೆಕ್ಕವಲ್ಲ. ಎರಡಂಕಿಯ ಸಂಖ್ಯೆಯಿಂದ ಎರಡಂಕಿಯ ಸಂಖ್ಯೆ ಕಳೆಯಬೇಕು. ಬಿಡಿಯಲ್ಲಿ ಸಾಲದಾಗ ಹತ್ತರ ಮನೆಯಿಂದ ತೆಗೆದುಕೊಳ್ಳಬೇಕು, ಅಷ್ಟೆ.

52ರಲ್ಲಿ 17 ಕಳೆಯಿರಿ ಎಂದು ಕೊಟ್ಟು ನೋಡಿ. ತಪ್ಪು ಮಾಡುವ ಮಕ್ಕಳಲ್ಲಿ ಅನೇಕರು ಬರೆಯುವ ಉತ್ತರ 45. ‘ಎರಡರಲ್ಲಿ ಏಳು ಹೋಗಲ್ಲ, ಏಳರಲ್ಲಿ ಎರಡು ಹೋದ್ರೆ ಐದು. ಐದರಲ್ಲಿ ಒಂದು ಹೋದ್ರೆ ನಾಲ್ಕು.’ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಮೊದಲು ಕಲಿತದ್ದನ್ನು ಮಗು ಇಲ್ಲಿ ನಿಷ್ಠೆಯಿಂದ ಪಾಲಿಸಿದೆ. ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಇದನ್ನು ವಿವರಿಸಿದ್ದರು. ಮಕ್ಕಳ ಇಂಥ ಎಷ್ಟೋ ತಪ್ಪುಗಳಿಗೆ ಗಮನವಿಲ್ಲದಿರುವುದು ಕಾರಣವಲ್ಲ. ತಪ್ಪಾದ ನಿಯಮವೊಂದನ್ನು ಅವರು ಚಾಚೂ ತಪ್ಪದೆ ಅನುಸರಿಸುತ್ತಿರುತ್ತಾರೆ. ಹಾಗಿರುವಾಗ ‘ಸರಿಯಾಗಿ ನೋಡಿ ಮಾಡು’ ಎಂದು ಗದರಿದರೆ ಪ್ರಯೋಜನವಿಲ್ಲ.

ಆ ಮಗುವಿನ ಕಣ್ಣಿಗೆ 52 ಎಂಬ ಸಂಖ್ಯೆ ಬಿದ್ದೇ ಇಲ್ಲ. ಅದಕ್ಕೆ ಕಂಡದ್ದು ಮೇಲೆ ಐದು, ಎರಡು, ಕೆಳಗೆ ಒಂದು, ಏಳು, ಅದರಡಿ ಗೆರೆ. ‘52ರಲ್ಲಿ ಹತ್ತು ಹೋದರೆ 42, ಇನ್ನೂ ಏಳು ಹೋಗಬೇಕು, ಅಂದಮೇಲೆ 45 ಬರಲು ಸಾಧ್ಯವೇ?’ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ಅದಕ್ಕೆ ಆಗಿಲ್ಲ. ಆ ಅಭ್ಯಾಸಕ್ಕೆ ತಳಪಾಯ ಹಾಕಬೇಕಾದದ್ದು ಒಂದು, ಎರಡನೇ ತರಗತಿಯಲ್ಲಿ.

ಕೂಡುವುದನ್ನೇ ತೆಗೆದುಕೊಳ್ಳಿ. ಎಂಟಕ್ಕೆ ಆರು ಸೇರಿಸಲು ಪುಟ್ಟ ಮಗು ಎಂಟು ಹುಣಸೆಬೀಜ ಎಣಿಸಿಡುತ್ತದೆ, ಆರು ಎಣಿಸಿಡುತ್ತದೆ, ಆಮೇಲೆ ಎಲ್ಲವನ್ನೂ ಒಂದರಿಂದ ಎಣಿಸುತ್ತದೆ. ಇದು ಮೊದಲ ಹಂತ. ಎಂಟನ್ನು ಮನಸ್ಸಿನಲ್ಲಿಟ್ಟುಕೊಂಡು ‘ಒಂಬತ್ತು, ಹತ್ತು, ಹನ್ನೊಂದು…’ ಎಂದು ಆರು ಬೆರಳು ಮಡಚುವುದು ಎರಡನೆಯದು. ಇಲ್ಲೊಂದು ತೊಡಕಿದೆ. ಕೆಲವು ಮಕ್ಕಳು ಎಂಟನ್ನೇ ಮೊದಲ ಬೆರಳಾಗಿ ಎಣಿಸಿ ಹದಿಮೂರು ಎನ್ನುತ್ತಾರೆ. ಹಾವು-ಏಣಿ ಆಟದಲ್ಲಿ ಕಾಯಿ ನಿಂತ ಮನೆಯನ್ನೂ ಸೇರಿಸಿ ಎಣಿಸುವ ತಪ್ಪೇ ಇದು. ನಾಲ್ಕಾರು ಆಟ ಆಡಿಸಿ, ಮುಂದಿನ ಮನೆಯಿಂದ ಎಣಿಸಲು ಹೇಳಿಕೊಟ್ಟರೆ ಸರಿಹೋಗುತ್ತದೆ.

ಮೂರನೆಯ ಹಂತವೇ ಮುಖ್ಯ. ಎಂಟು ಹತ್ತಾಗಲು ಎರಡು ಬೇಕು. ಆರರಿಂದ ಎರಡು ತೆಗೆದುಕೊಂಡರೆ ಉಳಿದದ್ದು ನಾಲ್ಕು. ಹತ್ತು ಮತ್ತು ನಾಲ್ಕು, ಹದಿನಾಲ್ಕು. ಇನ್ನೊಂದು ಮಗು ‘ಆರು ಮತ್ತು ಆರು ಹನ್ನೆರಡು, ಮೇಲೆರಡು’ ಎನ್ನಬಹುದು. ಎರಡೂ ಸರಿ. ಎಣಿಸುವುದು ಬಿಟ್ಟು, ಗೊತ್ತಿರುವ ಲೆಕ್ಕದಿಂದ ಗೊತ್ತಿಲ್ಲದ ಲೆಕ್ಕಕ್ಕೆ ದಾಟುವುದನ್ನು ಮಗು ಕಲಿತಿದೆ. ಇದಕ್ಕೆ ಬೇಕಾದ ಬಂಡವಾಳ ಚಿಕ್ಕದು: ಹತ್ತರ ಜೋಡಿಗಳು (ಒಂಬತ್ತು-ಒಂದು, ಎಂಟು-ಎರಡು, ಏಳು-ಮೂರು, ಆರು-ನಾಲ್ಕು, ಐದು-ಐದು) ಮತ್ತು ಇಮ್ಮಡಿಗಳು. ಇಷ್ಟು ಬಾಯಿಗೆ ಬಂದರೆ ಬೆರಳು ತಾನಾಗಿ ದೂರವಾಗುತ್ತದೆ. ಅದಕ್ಕೆ ಮೊದಲೇ ‘ಬೆರಳು ಮಡಚಬೇಡ’ ಎಂದರೆ ಮಗು ಮೇಜಿನ ಕೆಳಗೆ ಎಣಿಸುತ್ತದೆ, ಅಷ್ಟೆ.

ಕಳೆಯುವುದಕ್ಕೂ ಎರಡು ದಾರಿಗಳಿವೆ. ಒಂದು, ಹಿಂದಕ್ಕೆ ಹೋಗುವುದು: 52ರಿಂದ ಹತ್ತು ಹೋಗಿ 42, ಎರಡು ಹೋಗಿ 40, ಉಳಿದ ಐದು ಹೋಗಿ 35. ಇನ್ನೊಂದು, ಕೆಳಗಿನಿಂದ ಮೇಲಕ್ಕೆ ಬರುವುದು: 17ಕ್ಕೆ ಮೂರು ಸೇರಿ 20, ಮೂವತ್ತು ಸೇರಿ 50, ಎರಡು ಸೇರಿ 52, ಒಟ್ಟು 35. ಕಿರಾಣಿ ಅಂಗಡಿಯವರು ಚಿಲ್ಲರೆ ಕೊಡುವುದು ಈ ಎರಡನೆಯ ಲೆಕ್ಕದಲ್ಲೇ. ಅರವತ್ಮೂರು ರೂಪಾಯಿ ಸಾಮಾನಿಗೆ ನೂರರ ನೋಟು ಕೊಟ್ಟರೆ ಮೊದಲು ಏಳು ಕೈಗಿಟ್ಟು ‘ಎಪ್ಪತ್ತು’ ಎನ್ನುತ್ತಾರೆ, ಆಮೇಲೆ ಮೂವತ್ತು ಕೊಟ್ಟು ‘ನೂರು’.

ಹಾಗಾದರೆ ಮಕ್ಕಳನ್ನು ಅಂಗಡಿಗೆ ಕಳಿಸಿದರೆ ಸಾಕೇ? ಸಾಲದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುತ್ತಿದ್ದ ಈ ಮಕ್ಕಳು ಅದಕ್ಕಿಂತ ಸುಲಭವಾದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದುಕೊಟ್ಟರೆ ತಡವರಿಸಿದರು. ಶಾಲೆಗೆ ಹೋಗುವ ಮಕ್ಕಳದು ಇದಕ್ಕೆ ತದ್ವಿರುದ್ಧ: ಪುಸ್ತಕದ ಲೆಕ್ಕ ಬರುತ್ತದೆ, ವ್ಯಾಪಾರದ ಲೆಕ್ಕ ಬರುವುದಿಲ್ಲ. ಎರಡರ ನಡುವೆ ದಾರಿ ತಾನಾಗಿ ಹುಟ್ಟುವುದಿಲ್ಲ, ಯಾರಾದರೂ ಕೂಡಿಸಿ ತೋರಿಸಬೇಕು. ಚಿಲ್ಲರೆ ಎಣಿಸಿದ ಮಗುವಿನಿಂದಲೇ ಗೆರೆಯೊಂದನ್ನು ಎಳೆಸಿ 63, 70, 100 ಎಂದು ಗುರುತು ಹಾಕಿಸಿ, ಪಕ್ಕದಲ್ಲಿ 100 − 63 = 37 ಎಂದು ಬರೆಸುವುದು ಅಂಥದೊಂದು ಜೋಡಣೆ.

ಒಂದರ ಕೆಳಗೊಂದು ಬರೆದು ಮಾಡುವ ಲೆಕ್ಕ ಬೇಡವೆಂದಲ್ಲ. ಸಂಖ್ಯೆ ದೊಡ್ಡದಾದಂತೆ ಅದೇ ಗತಿ. ಆದರೆ ಅದು ಬರಬೇಕಾದದ್ದು ಹತ್ತನ್ನು ಬಿಡಿಸುವುದು, ಕಟ್ಟುವುದು ಕೈಗೆ ಹತ್ತಿದ ಮೇಲೆ. ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು ಹದಿನೇಳು ಕೊಡು ಎಂದರೆ ಮಗು ಒಂದು ಕಟ್ಟು ಬಿಚ್ಚಲೇಬೇಕು. ದಶಕ ತೆಗೆದುಕೊಳ್ಳುವುದು ಎಂದರೆ ಏನೆಂದು ಆಗ ಅದಕ್ಕೆ ಬೇರೆ ವಿವರಣೆ ಬೇಕಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಬೋಧನಾ ಪದ್ಧತಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂಬ ತತ್ವದ ಮೇಲೆ ನಿಂತಿದೆ. ಇಂಥ ಅಭ್ಯಾಸಕ್ಕೆ ಅಲ್ಲಿ ಜಾಗವಿದೆ. ದಿನಕ್ಕೆ ಹತ್ತು ನಿಮಿಷ, ನಾಲ್ಕೈದು ಲೆಕ್ಕ, ಪ್ರತಿಯೊಂದಕ್ಕೂ ‘ಹೇಗೆ ಮಾಡಿದೆ?’ ಎಂಬ ಪ್ರಶ್ನೆ. ಉತ್ತರ ತಪ್ಪಿದಾಗ ಮಾತ್ರ ಕೇಳಿದರೆ ಮಗು ಆ ಪ್ರಶ್ನೆಯನ್ನೇ ಬೈಗುಳವೆಂದು ತಿಳಿಯುತ್ತದೆ, ಸರಿಯಿದ್ದಾಗಲೂ ಕೇಳಬೇಕು.

ಮನೆಯಲ್ಲಿ ಅಪ್ಪ-ಅಮ್ಮ ಕೈಬಿಡಬೇಕಾದದ್ದು ಗಡಿಯಾರ ಹಿಡಿದು ಕೂರುವುದನ್ನು. ಬೇಗ ಮಾಡು ಎಂದು ಅವಸರಿಸಿದರೆ ಮಗು ತನಗೆ ಅತಿ ಹೆಚ್ಚು ರೂಢಿಯಾದ ಹಳೆಯ ದಾರಿಗೇ, ಅಂದರೆ ಒಂದೊಂದೇ ಎಣಿಸುವುದಕ್ಕೇ ಮರಳುತ್ತದೆ. ಒಂದೇ ಬಗೆಯ ಇಪ್ಪತ್ತು ಲೆಕ್ಕ ಬರೆಸುವ ಬದಲು ಒಂದೇ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡಿಸಿ. ಎರಡೂ ಕಡೆ ಒಂದೇ ಉತ್ತರ ಬಂತೋ ಇಲ್ಲವೋ ಎಂದು ಮಗುವೇ ನೋಡಿಕೊಳ್ಳಲಿ. ಆಗ ತನ್ನ ತಪ್ಪು ಹಿಡಿಯಲು ಅದಕ್ಕೆ ಮೇಷ್ಟ್ರ ಕೆಂಪು ಪೆನ್ನೇ ಬೇಕೆಂದೇನಿಲ್ಲ.